ಒಂಬತ್ತು ಸಲ ಕೂಗಿದ ಬೇಸಿಗೆ

ಬೆಂಕಿಯ ವಾಸನೆ ಬೇರೆ, ನೀರು ಬಿದ್ದ ಬೆಂಕಿಯ ವಾಸನೆ ಬೇರೆ. ಹೋದ ತಿಂಗಳು ನಾಗಮಂಗಲದಿಂದ ಶ್ರೀರಂಗಪಟ್ಟಣಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಪಾಂಡವಪುರ ಇನ್ನೂ ಸಿಕ್ಕಿರಲಿಲ್ಲ. ರಸ್ತೆಯ ಮಗ್ಗುಲಲ್ಲಿ ಯಾರದೋ ಹುಲ್ಲಿನ ಮೆದೆ ಸುಟ್ಟುಹೋಗಿ, ಜನ ಕೊಡದಲ್ಲಿ ನೀರು ಹೊತ್ತು ಆರಿಸಿದ್ದರು. ಹೊಗೆ ನಿಂತಿತ್ತು, ವಾಸನೆ ನಿಂತಿರಲಿಲ್ಲ. ಬಸ್ಸಿನವರೆಲ್ಲ ಕಿಟಕಿ ಎಳೆದುಕೊಂಡರು. ನನ್ನ ಕೈ ಕಿಟಕಿಗೆ ಹೋಗದೆ ಮುಂದಕ್ಕೆ ಹೋಯಿತು. ಅಲ್ಲಿ ಒತ್ತುವ ಗುಂಡಿ ಇರುವ ಮೈಕೇನೂ ಇರಲಿಲ್ಲ, ಬರೀ ಮುಂದಿನ ಸೀಟಿನ ಕಂಬಿಯಿತ್ತು. ರಿಟೈರಾಗಿ ಎಷ್ಟು ವರ್ಷವಾಯಿತು, ಕೈ ಇನ್ನೂ ಅದನ್ನು ಹುಡುಕುತ್ತದೆ.

ನಾನು ಹೇಳಹೊರಟ ಬೇಸಿಗೆ ತೊಂಬತ್ತರ ದಶಕದ ನಡುವಿನದು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನ ಸೀಮೆಯೊಳಗೆ ಒಂದು ಅಗ್ನಿಶಾಮಕ ಠಾಣೆಯಲ್ಲಿ ನಾನಿದ್ದೆ. ಯಾವ ಊರಿನ ಠಾಣೆ ಎಂದು ಬರೆಯುವುದಿಲ್ಲ. ಅಲ್ಲಿ ಈಗ ಇರುವವರು ಒಳ್ಳೆಯವರು, ಅವರ ತಲೆಗೆ ಹಳೆಯ ಮಾತು ಯಾಕೆ ಕಟ್ಟಲಿ. ನಾನು ಮೊದಲು ಬೆಂಕಿಯ ಮುಂದೆ ಪೈಪಿನ ಮೂತಿ ಹಿಡಿಯುವವನಾಗಿದ್ದೆ. ಬಾವಿಗೆ ಬಿದ್ದ ಎಮ್ಮೆ ಎತ್ತಲು ಹೋಗಿ ನಾನೇ ಜಾರಿ ಬಿದ್ದು ಮಂಡಿ ಮುರಿದುಕೊಂಡೆ. ಎಮ್ಮೆ ಚೆನ್ನಾಗಿಯೇ ಇತ್ತು. ಆಮೇಲೆ ನನ್ನನ್ನು ಫೋನಿನ ಕೋಣೆಗೆ ಹಾಕಿದರು. ನನ್ನ ಜಾಗಕ್ಕೆ, ಮೂತಿ ಹಿಡಿಯಲು, ಸಿದ್ದರಾಜು ಬಂದ.

ಇದು ಮೊದಲೇ ಗೊತ್ತಿರಲಿ. ಪ್ರತಿ ಸಲ ಗಾಡಿ ಗೇಟು ದಾಟಿದಾಗಲೂ ನನಗೆ ಅನ್ನಿಸುತ್ತಿದ್ದುದು ಒಂದೇ: ಅಲ್ಲಿ ನಿಲ್ಲಬೇಕಾದವನು ನಾನು, ನಿಂತಿರುವವನು ಅವನು. ನಾನು ಹುಟ್ಟಾ ಪುಕ್ಕಲ. ಮೂತಿ ಹಿಡಿದಿದ್ದಾಗ ಹೆದರಲು ಪುರುಸೊತ್ತು ಇರಲಿಲ್ಲ, ಕುರ್ಚಿಗೆ ಕೂತ ಮೇಲೆ ಬೇಕಾದಷ್ಟು ಸಿಕ್ಕಿತು.

ವೈರ್‌ಲೆಸ್ ಬರುವ ಮುಂಚೆ ನಮ್ಮ ಕೆಲಸ ಹೇಗಿತ್ತೆಂದರೆ, ಫೋನು ಬಂದರೆ ಗಂಟೆ ಬಾರಿಸುವುದು, ಗಾಡಿ ಹೊರಡುವುದು, ಮುಗಿಯಿತು. ಗಾಡಿ ಗೇಟು ದಾಟಿತೆಂದರೆ ಅದು ತಿರುಗಿ ಬರುವ ತನಕ ನಮಗೂ ಅದಕ್ಕೂ ಸಂಬಂಧವಿಲ್ಲ. ಅಷ್ಟರಲ್ಲಿ ಇನ್ನೊಂದು ಕಡೆಯಿಂದ ಕರೆ ಬಂದರೆ, ಗಾಡಿ ವಾಪಸು ಬರುವ ದಾರಿಯಲ್ಲಿ ಫೋನಿರುವ ಒಂದು ಟೀ ಹೋಟೆಲಿಗೆ ತಿಳಿಸುತ್ತಿದ್ದೆವು. ಹೋಟೆಲಿನವನು ರಸ್ತೆಯ ಅಂಚಿಗೆ ಒಂದು ಕೆಂಪು ಬಕೆಟ್ಟು ಇಡುತ್ತಿದ್ದ. ಡ್ರೈವರು ಬಕೆಟ್ಟು ಕಂಡರೆ ನಿಲ್ಲಿಸಿ ನಮಗೆ ಫೋನು ಮಾಡುತ್ತಿದ್ದ. ಒಮ್ಮೆ ಯಾರೋ ಆ ಬಕೆಟ್ಟನ್ನು ಹಸುವಿಗೆ ನೀರು ಕುಡಿಸಲು ಒಯ್ದಿದ್ದರು. ಆ ದಿನ ನಾಗಮಂಗಲದ ಕಡೆಯ ಒಂದು ಗುಡಿಸಲು ಪೂರ್ತಿ ಸುಟ್ಟುಹೋದ ಮೇಲೆ ನಮ್ಮ ಗಾಡಿ ತಲುಪಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಹಾಗಾಗಿ ವೈರ್‌ಲೆಸ್ ಬರುತ್ತದೆ ಎಂದಾಗ ಬೇಡ ಎಂದವರು ನಮ್ಮಲ್ಲಿ ಒಬ್ಬರೂ ಇಲ್ಲ. ನಾನಂತೂ ದೇವರಿಗೆ ಕಾಯಿ ಒಡೆಸಿದೆ.

ಸಂಕ್ರಾಂತಿ ಕಳೆದ ಮೇಲೆ ಠಾಣೆಯ ಹಿಂದೆ ಕಬ್ಬಿಣದ ಕಂಬ ಎದ್ದಿತು. ಮೂರು ದಿನ ಕೆಲಸ ನಡೆಯಿತು. ನನ್ನ ಮೇಜಿನ ಮೇಲೆ ಒಂದು ಸೆಟ್ಟು, ಗಾಡಿಯಲ್ಲಿ ಡ್ರೈವರ್ ಸೀಟಿನ ಮುಂದೆ ಒಂದು ಸೆಟ್ಟು. ಅದನ್ನು ಕೂರಿಸಲು ಬಂದ ಎಂಜಿನಿಯರು ನಮಗೆಲ್ಲ ಪಾಠ ಮಾಡಿದರು. ಗುಂಡಿ ಒತ್ತಿದರೆ ಮಾತಾಡಬೇಕು, ಬಿಟ್ಟರೆ ಕೇಳಬೇಕು. ಠಾಣೆಗೊಂದು ಸಂಖ್ಯೆ, ಗಾಡಿಗೊಂದು ಸಂಖ್ಯೆ. ಹೆಸರು ಹಿಡಿದು ಯಾರನ್ನೂ ಕರೆಯಕೂಡದು. ಮಾತು ಮುಗಿದಾಗ ‘ಓವರ್’ ಎನ್ನಬೇಕು. ಒಂದು ವಾರ ಕ್ವಾರ್ಟರ್ಸಿನ ತುಂಬ ಅದೇ ತಮಾಷೆ. ನನ್ನ ಹೆಂಡತಿ ಮುದ್ದೆ ಬಡಿಸಿ, “ಸಾರು ಬೇಕಾ, ಓವರ್” ಎಂದು ಕೇಳುತ್ತಿದ್ದಳು.

ಗಾಡಿ ಓಡಿಸುತ್ತಿದ್ದವರು ನಂಜೇಗೌಡರು. ಐವತ್ತು ದಾಟಿದ್ದ ಮನುಷ್ಯ, ಕೆ.ಆರ್. ಪೇಟೆ ಕಡೆಯವರು, ನಾಲ್ಕು ತಾಲ್ಲೂಕಿನ ಎತ್ತಿನ ಗಾಡಿ ಜಾಡು ಕೂಡ ಬಾಯಿಪಾಠ. ಅವರಿಗೆ ಸಂಖ್ಯೆಯ ಕತೆ ಸರಿಬರಲಿಲ್ಲ.

“ಏನ್ಲಾ ಪುಟ್ಸಾಮಿ, ನಮ್ಮಪ್ಪ ಎಸ್ರು ಮಡಗಿಲ್ವಾ ನಂಗೆ? ಕೈದಿಗೆ ಕೂಗ್ದಂಗೆ ನಂಬರ್ ಕೂಗ್ತೀಯಲ್ಲ. ನಂಜಣ್ಣ ಅನ್ನು, ಬತ್ತೀನಿ.”

“ಎಂಜಿನಿಯರು ಬಯ್ತಾರೆ ಗೌಡ್ರೇ.”

“ಅವ್ರು ಬೆಂಗ್ಳೂರಿಗೆ ಒಂಟೋದ್ರು ಕಣ್ಲಾ. ಕೂಗೋನು ನೀನು, ಓಗೊಡೋನು ನಾನು.”

ನಾವು ಬೆಳೆದ ಕಡೆ, ಒಬ್ಬರು ಹೆಸರು ಹಿಡಿದು ಕೂಗಿದರೆ ಓಗೊಡದೆ ಇರುವುದು ದೊಡ್ಡ ಸೊಕ್ಕು. ಗದ್ದೆಯ ಆ ತುದಿಯಿಂದ ಕೂಗಲಿ, ಬೀದಿಯ ಈ ತುದಿಯಿಂದ ಕೂಗಲಿ, ಕೈಯಲ್ಲಿದ್ದುದನ್ನು ಬಿಟ್ಟು ‘ಆ, ಬಂದೆ’ ಎನ್ನಬೇಕು. ನಂಜೇಗೌಡರು ಈ ವಿಷಯದಲ್ಲಿ ಇನ್ನೂ ಒಂದು ಕೈ ಮೇಲು. ಉಣ್ಣುತ್ತಿದ್ದಾಗ ಕೂಗಿದರೂ ತುತ್ತು ತಟ್ಟೆಗೆ ಹಾಕಿ ಎದ್ದು ಬರುವ ಜನ. ಹೀಗಾಗಿ ನಮ್ಮ ಸೆಟ್ಟಿನಲ್ಲಿ ಮೊದಲ ವಾರದಿಂದಲೇ ಸಂಖ್ಯೆ ಹೋಗಿ “ನಂಜಣ್ಣ, ನಂಜಣ್ಣ” ಎಂಬುದು ನಿಂತಿತು. ಇದರಿಂದ ಕೆಟ್ಟದ್ದಾಗುತ್ತದೆ ಎಂದು ಯಾರಿಗೆ ಹೊಳೆಯಬೇಕು?

ಮೇಲಿನವರ ಆದೇಶವೂ ಒಂದಿತ್ತು. ಗಾಡಿ ಬೆಂಕಿಯ ಜಾಗದಲ್ಲಿರುವಾಗ ಹದಿನೈದು ನಿಮಿಷಕ್ಕೊಮ್ಮೆ ಠಾಣೆಯವರು ಕರೆದು ಪರಿಸ್ಥಿತಿ ಕೇಳಿ ಪುಸ್ತಕದಲ್ಲಿ ಬರೆಯಬೇಕು. ಒಳ್ಳೆಯ ಆದೇಶವೇ. ಆದರೆ ಅದರಿಂದ ಒಂದು ಸಂಗತಿ ಬದಲಾಯಿತು, ಅದನ್ನು ಯಾವ ಆದೇಶವೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲೆಲ್ಲ ಗಾಡಿ ಹೋದ ಮೇಲೆ ಕ್ವಾರ್ಟರ್ಸಿನ ಹೆಂಗಸರು ಬಾಗಿಲು ಮುಂದಕ್ಕೆ ಮಾಡಿಕೊಂಡು ತಮ್ಮ ಕೆಲಸ ನೋಡುತ್ತಿದ್ದರು. ಸುದ್ದಿ ಬರುವ ದಾರಿಯೇ ಇಲ್ಲ, ಕಾದು ಏನು ಮಾಡುವುದು? ಈಗ ದಾರಿ ಆಯಿತು. ಗಂಟೆ ಹೊಡೆದ ಹತ್ತು ನಿಮಿಷಕ್ಕೆ ನನ್ನ ಕೋಣೆಯ ಕಿಟಕಿಯ ಹೊರಗೆ ಸೆರಗು ಕಾಣಿಸುತ್ತಿತ್ತು. ಸೆಟ್ಟು ಒಂದಿಷ್ಟು ಗರಗರ ಅಂದರೆ ಎಲ್ಲರ ಮಾತೂ ನಿಲ್ಲುತ್ತಿತ್ತು. ಸುದ್ದಿಯಿಲ್ಲದಿದ್ದರೆ ಮೊದಲು ಏನೂ ಆಗಿಲ್ಲ ಎಂದು ಅರ್ಥ ಮಾಡಿಕೊಳ್ಳುತ್ತಿದ್ದ ಜನ, ಈಗ ಸುದ್ದಿಯಿಲ್ಲದಿದ್ದರೆ ಏನೋ ಆಗಿದೆ ಎಂದು ಅರ್ಥ ಮಾಡಿಕೊಳ್ಳತೊಡಗಿದರು. ನಾನೂ ಅಷ್ಟೆ.

ಆ ಕಿಟಕಿಗೆ ಎಲ್ಲರಿಗಿಂತ ಮುಂಚೆ ಬಂದು ಎಲ್ಲರಿಗಿಂತ ಕೊನೆಗೆ ಹೋಗುತ್ತಿದ್ದವಳು ಸಿದ್ದರಾಜುವಿನ ಹೆಂಡತಿ ಮಂಜುಳ. ದೇವಲಾಪುರದ ಕಡೆಯ ಹುಡುಗಿ, ಮದುವೆಯಾಗಿ ವರ್ಷ ತುಂಬಿತ್ತು, ಏಳು ತಿಂಗಳ ಬಸುರಿ. ಮುಂದಿನ ತಿಂಗಳು ತವರಿಗೆ ಹೋಗುವವಳು. ನನ್ನನ್ನು ಅಣ್ಣ ಎನ್ನುತ್ತಿದ್ದಳು. ಕಿಟಕಿಯ ಸರಳು ಹಿಡಿದು ನಿಂತು, ಕೇಳಲೋ ಬೇಡವೋ ಎನ್ನುವಂತೆ ಕೇಳುತ್ತಿದ್ದಳು.

“ಅಣ್ಣ, ಏನಾದ್ರೂ ಅಂದ್ರಾ?”

“ಈಗ ತಾನೇ ಅಂದ್ರಲ್ಲವ್ವ, ತಲುಪಿದ್ವಿ ಅಂತ.”

“ಇನ್ನೊಂದ್ ಸಲ ಕೇಳೀ ಅಣ್ಣ.”

ನಾನು ಕೇಳುತ್ತಿದ್ದೆ. ಅವಳಿಗೋಸ್ಕರ ಎಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತುತ್ತಿದ್ದೆ.

ಆ ವರ್ಷ ಮಾರ್ಚಿನಿಂದಲೇ ಬಿಸಿಲು ಕೆಟ್ಟದಾಗಿತ್ತು. ನಾಲೆಯ ನೀರು ನಿಂತಿತ್ತು, ರಾಗಿ ಹುಲ್ಲು ಗರಿಗರಿಯಾಗಿ ಒಣಗಿತ್ತು, ಕಬ್ಬು ಕಡಿದ ಗದ್ದೆಯಲ್ಲಿ ತರಗು ಸುಡುವವರು ಗಾಳಿ ಯಾವ ಕಡೆಗೆಂದೂ ನೋಡದೆ ಕಡ್ಡಿ ಗೀರುತ್ತಿದ್ದರು. ವಾರಕ್ಕೆ ಮೂರು ಕರೆ, ನಾಲ್ಕು ಕರೆ. ಸೆಟ್ಟಿನಿಂದ ಉಪಯೋಗವಾಗಲಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಒಂದು ಮಧ್ಯಾಹ್ನ ದೇವಲಾಪುರದಿಂದ ವಾಪಸು ಬರುತ್ತಿದ್ದ ಗಾಡಿಯನ್ನು ದಾರಿಯಲ್ಲೇ ತಿರುಗಿಸಿ ಇನ್ನೊಂದು ಬೆಂಕಿಗೆ ಕಳಿಸಿದೆ. ಎರಡು ಹಸು, ಒಂದು ಕರು ಉಳಿದವು. ಬಕೆಟ್ಟಿನ ಕಾಲವಾಗಿದ್ದರೆ ಬೂದಿಯನ್ನು ನೋಡಿ ಬರುತ್ತಿದ್ದರು. ಸಾಹೇಬರು, ಎಂದರೆ ನಮ್ಮ ಠಾಣಾಧಿಕಾರಿಗಳು, ನನ್ನ ಬೆನ್ನು ತಟ್ಟಿದರು. ನಾನು ಉಬ್ಬಿದೆ. ಉಬ್ಬಿದ್ದಕ್ಕೆ ಸರಿಯಾಗಿ ಇನ್ನೂ ಹೆಚ್ಚು ಕರೆಯತೊಡಗಿದೆ.

ಏಪ್ರಿಲ್ ತಿಂಗಳ ಆ ದಿನ, ಉಂಡು ಕೈ ತೊಳೆಯುವ ಹೊತ್ತಿಗೆ ಫೋನು ಬಂತು. ಸಂತೆಬಾಚಹಳ್ಳಿಯಿಂದ ಆಚೆಗೆ ಒಂದು ಸಣ್ಣ ಹಳ್ಳಿ. ಆರು ಮೆದೆ ಹುಲ್ಲು ಒತ್ತೊತ್ತಾಗಿ, ಅದರ ಬೆನ್ನಿಗೇ ಹೆಂಚಿನ ಮನೆಗಳ ಸಾಲು. ಫೋನು ಮಾಡಿದವನು ಓಡಿಬಂದು ಮಾತಾಡುತ್ತಿದ್ದ, “ಬೇಗ ಬನ್ನಿ ಸಾ, ಗಾಳಿ ಮನೆ ಕಡೀಕೇ ಬೀಸ್ತಾ ಅದೆ” ಎಂದಷ್ಟೇ ಹೇಳಿ ಇಟ್ಟ. ಗಂಟೆ ಹೊಡೆದೆ. ಸಿದ್ದರಾಜು ಬೂಟು ಹಾಕಿಕೊಳ್ಳುತ್ತ ಕಿಟಕಿಯಲ್ಲಿ ಇಣುಕಿ, “ಗುರುವೇ, ಸಂಜೆ ಕಾಫಿ ನಿಮ್ದು” ಎಂದು ನಕ್ಕ. ಗಾಡಿ ಹೋಯಿತು. ಸಾಹೇಬರೂ ಗಾಡಿಯಲ್ಲೇ ಹೋದರು.

ಆ ದಾರಿಯಲ್ಲಿ ಗುಡ್ಡದ ಮರೆ ಸಿಗುತ್ತದೆ. ಅಲ್ಲಿ ಸೆಟ್ಟು ಕೆಲಸ ಮಾಡುವುದಿಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಗೊತ್ತಿರುವುದಕ್ಕೂ ಗರಗರ ಸದ್ದನ್ನು ಇಪ್ಪತ್ತು ನಿಮಿಷ ಕೇಳುತ್ತ ಕೂರುವುದಕ್ಕೂ ಬಹಳ ವ್ಯತ್ಯಾಸ. ಗಾಡಿ ಮಗುಚಿತೇನೋ ಎನ್ನಿಸಿತು. ಆ ದಾರಿಯ ಹಳೆಯ ಸೇತುವೆಯ ನೆನಪಾಯಿತು. ನಂಜೇಗೌಡರ ಸಕ್ಕರೆ ಕಾಯಿಲೆ ನೆನಪಾಯಿತು. ಕೆಟ್ಟದ್ದನ್ನು ನೆನೆಸಿಕೊಳ್ಳುವುದರಲ್ಲಿ ನನ್ನ ತಲೆ ಬಹಳ ಚುರುಕು. ಕಡೆಗೆ ನಂಜೇಗೌಡರ ದನಿ ಬಂತು.

“ಪುಟ್ಸಾಮಿ, ತಲುಪುದ್ವಿ ಕಣಪ್ಪ. ಮೂರು ಮೆದೆ ಒಂಟೋಗವೆ. ಜೋರಾಗದೆ.”

ಕಿಟಕಿಯ ಹೊರಗೆ ಮಂಜುಳ ನಿಂತಿದ್ದಳು. ಉಳಿದ ಹೆಂಗಸರು ಬಿಸಿಲೆಂದು ಒಳಗೆ ಹೋಗಿದ್ದರು. ಜೋರಾಗದೆ ಎಂಬ ಮಾತು ಅವಳಿಗೂ ಕೇಳಿಸಿತು, ನನಗೂ ಕೇಳಿಸಿತು. ಅದು ಕೇಳಿಸದಿದ್ದರೆ ಏನಾಗುತ್ತಿತ್ತೋ.

ಐದು ನಿಮಿಷಕ್ಕೆ ಕರೆದೆ. “ಆ, ಬಂದೆ, ಏನಪ್ಪ?” ಎಂದರು. “ಎಂಗದೆ ಗೌಡ್ರೇ?” ಎಂದೆ. “ಅಂಗೇ ಅದೆ” ಎಂದರು. ಇನ್ನೂ ಐದು ನಿಮಿಷ ಬಿಟ್ಟು ಕರೆದೆ. ಮತ್ತೆ ಕರೆದೆ. ಪ್ರತಿ ಸಲವೂ ಅವರು ಬರುವುದಕ್ಕೆ ಒಂದಿಷ್ಟು ಹೊತ್ತು ಹಿಡಿಯುತ್ತಿತ್ತು, ಬಂದಾಗ ಏದುಸಿರು ಬಿಡುತ್ತಿದ್ದರು. ಏದುಸಿರು ಯಾಕೆ ಎಂದು ನಾನು ಯೋಚಿಸಬೇಕಿತ್ತು. ಹನ್ನೊಂದು ವರ್ಷ ಪೈಪು ಹಿಡಿದವನು ನಾನು. ಬೆಂಕಿಯ ಜಾಗದಲ್ಲಿ ಡ್ರೈವರು ಸೀಟಿನಲ್ಲಿ ಕೂತಿರುವುದಿಲ್ಲ. ಅವನು ಗಾಡಿಯ ಹಿಂದೆ ಪಂಪಿನ ಹತ್ತಿರ ನಿಂತಿರುತ್ತಾನೆ. ಪಂಪು ನಡೆಸುವವನೇ ಅವನು. ನೀರು ಎಷ್ಟು ಜೋರಾಗಿ ಹೋಗಬೇಕು, ಟ್ಯಾಂಕಿನ ನೀರು ಮುಗಿಯುತ್ತಿದ್ದಂತೆ ಯಾವಾಗ ಊರ ಕಟ್ಟೆಯ ನೀರಿಗೆ ಇಳಿಬಿಟ್ಟ ಪೈಪಿಗೆ ತಿರುಗಿಸಬೇಕು, ಎಲ್ಲ ಅವನ ಕೈಯಲ್ಲಿ. ನಾನು ಒಂದೊಂದು ಸಲ ಕೂಗಿದಾಗಲೂ ನಂಜೇಗೌಡರು ಪಂಪು ಬಿಟ್ಟು ಮುಂದಕ್ಕೆ ಓಡಿ ಬರುತ್ತಿದ್ದರು. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿದ್ದುದು ಆ ಹೊತ್ತಿನಲ್ಲಿ ತಲೆಗೆ ಬರಲಿಲ್ಲ. ಸೆಟ್ಟಿನ ಮುಂದೆ ಕೂತವನಿಗೆ ಗಾಡಿ ಎಂದರೆ ಒಂದು ದನಿ, ಅಷ್ಟೆ.

ಎಂಟು ಸಲ ಕರೆದಿದ್ದೆ. ಎಂಟನೆಯ ಸಲ ಗೌಡರು ಸ್ವಲ್ಪ ರೇಗಿದಂತೆ, “ಸಿದ್ದ ಮೆದೆ ಸಂದೀಗ್ ಓಗವ್ನೆ, ಒಸಿ ತಡಕೊ” ಎಂದಿದ್ದರು. ಮೆದೆಯ ಸಂದಿ ಎಂದರೆ ನನಗೆ ಗೊತ್ತು. ಉರಿಯುತ್ತಿರುವ ಮೆದೆಗೂ ಉರಿಯದ ಮೆದೆಗೂ ನಡುವೆ ಹೋಗಿ ನಿಂತು ನೀರಿನಲ್ಲಿ ಗೋಡೆ ಕಟ್ಟುವುದು. ಮನೆ ಸಾಲನ್ನು ಉಳಿಸಬೇಕಾದರೆ ಅದೊಂದೇ ದಾರಿ. ನೀರಿರುವ ತನಕ ಅಲ್ಲಿ ಭಯವಿಲ್ಲ.

“ಎಲ್ಲಿಗ್ ಹೋದ್ರಂತೆ ಅಣ್ಣ?” ಎಂದಳು ಮಂಜುಳ.

“ಅಲ್ಲೇ ಅವ್ನೆ ಬುಡವ್ವ.”

ಅವಳ ಒಂದು ಕೈ ಸರಳು ಹಿಡಿದಿತ್ತು. ಹೊಟ್ಟೆಯ ಮೇಲೆ ಇನ್ನೊಂದು ಕೈ. ಮೂರು ನಿಮಿಷ, ನಾಲ್ಕು ನಿಮಿಷ ಆಗಿರಬೇಕು.

“ಇನ್ನೊಂದೇ ಸಲ ಕೇಳೀ ಅಣ್ಣ. ಆಮೇಲೆ ಮನೆಗೋಯ್ತೀನಿ.”

ಒತ್ತಿದೆ. “ನಂಜಣ್ಣ, ನಂಜಣ್ಣ.” ಉತ್ತರ ಬರಲಿಲ್ಲ. ಮತ್ತೆ, “ನಂಜಣ್ಣೋ” ಎಂದೆ, ಗದ್ದೆಯ ಆಚೆ ಇರುವವರನ್ನು ಕರೆಯುವ ಹಾಗೆ. ಆಗ ಗುಂಡಿ ಒತ್ತಿದ ಸದ್ದು, ಏದುಸಿರು, “ಆ, ಬಂದೆ ಕಣಪ್ಪ” ಎಂಬ ಮಾತು. ಆ ಮಾತಿನ ಹಿಂದೆ, ದೂರದಿಂದ, ಇನ್ನೊಂದು ದನಿ ಸ್ಪಷ್ಟವಾಗಿ ಕೇಳಿಸಿತು.

“ನೀರು! ಗೌಡ್ರೇ, ನೀರು! ನೀರೂ!”

ಸಿದ್ದರಾಜು. ಗೌಡರು ಗುಂಡಿ ಬಿಟ್ಟರು. ಸೆಟ್ಟಿನಲ್ಲಿ ಬರೀ ಗರಗರ. ನಾನು ಕುರ್ಚಿಯಿಂದ ಎದ್ದೆ, ಎದ್ದು ಏನು ಮಾಡಬೇಕೆಂದು ತಿಳಿಯದೆ ನಿಂತೆ. ಅದೇ ಕ್ಷಣಕ್ಕೆ ಕಿಟಕಿಯ ಹೊರಗಿನಿಂದ ಮಂಜುಳ ನಕ್ಕ ಸದ್ದು ಕೇಳಿಸಿತು.

“ಅವ್ರ ದನಿ ಕಣಣ್ಣ! ಕೇಳಿಸ್ತಾ? ಮಾತಾಡ್ತಾವ್ರೆ!” ಎಂದಳು. ಮುಖ ಅರಳಿತ್ತು. “ಸದ್ಯ, ಚೆನ್ನಾಗವ್ರೆ. ನಾನಿನ್ನು ಬತ್ತೀನಿ ಅಣ್ಣ, ಒಲೆ ಮ್ಯಾಲೆ ಬೇಳೆ ಇಟ್ಟಿವ್ನಿ.”

ನಾನು ಆಗಲಿ ಎಂದು ತಲೆ ಆಡಿಸಿದೆ. ನನ್ನ ಜೀವಮಾನದಲ್ಲಿ ಅದಕ್ಕಿಂತ ಹೇಡಿತನದ ಕೆಲಸ ನಾನು ಮಾಡಿಲ್ಲ.

ಆಮೇಲೆ ಗೊತ್ತಾದದ್ದು ಇಷ್ಟು. ಟ್ಯಾಂಕಿನ ನೀರು ತಳ ಮುಟ್ಟಿತ್ತು. ಗೌಡರು ಕಟ್ಟೆಯ ಪೈಪಿಗೆ ತಿರುಗಿಸುವ ಹೊತ್ತಿಗೆ ಸರಿಯಾಗಿ ಸೆಟ್ಟು ಅವರ ಹೆಸರು ಕೂಗಿತು. ಒಂದು ಸಲ ಕೂಗಿದಾಗ ತಡೆದುಕೊಂಡರು. ಎರಡನೆಯ ಸಲಕ್ಕೆ ಓಡಿದರು. ಅಷ್ಟರಲ್ಲಿ ಪಂಪು ಗಾಳಿ ಎಳೆದುಕೊಂಡು ನೀರು ನಿಂತುಹೋಯಿತು. ಉಳಿದವರು ದನ ಬಿಚ್ಚುತ್ತಿದ್ದರು, ಸಾಹೇಬರು ಮನೆ ಖಾಲಿ ಮಾಡಿಸುತ್ತಿದ್ದರು. ಮತ್ತೆ ನೀರು ಬರುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲವಂತೆ. ಅದರೊಳಗೆ ಗಾಳಿ ತಿರುಗಿತು, ಉರಿಯುತ್ತಿದ್ದ ಮೆದೆ ಸಂದಿಗೆ ಕುಸಿಯಿತು. ಸಿದ್ದರಾಜುವಿನ ಬಲಗೈ ಮೊಣಕೈ ತನಕ, ಕುತ್ತಿಗೆಯ ಒಂದು ಮಗ್ಗುಲು, ಕಿವಿ. ಯಾರದೋ ವ್ಯಾನಿನಲ್ಲಿ ಮಂಡ್ಯದ ಆಸ್ಪತ್ರೆಗೆ ಸಾಗಿಸಿದರು. ಮನೆ ಸಾಲು ಉಳಿಯಿತು, ಎರಡು ಮೆದೆಯೂ ಉಳಿದವು.

ಸಂಜೆ ಗಾಡಿ ಬಂತು. ಗೌಡರು ನನ್ನ ಕಡೆ ನೋಡಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಗಾಡಿಯನ್ನು ಒಬ್ಬರೇ ತೊಳೆದರು. ತೊಳೆದ ಜಾಗವನ್ನೇ ಮತ್ತೆ ತೊಳೆದರು. ಆಗ ಬಂದದ್ದು ಈ ವಾಸನೆ, ನೀರು ಬಿದ್ದ ಸುಟ್ಟ ಹುಲ್ಲಿನದು.

ಪುಸ್ತಕದಲ್ಲಿ ನಾನು ನಾಲ್ಕು ಕರೆ ಬರೆದಿದ್ದೆ. ಆದೇಶದಂತೆ ಹದಿನೈದು ನಿಮಿಷಕ್ಕೊಂದು. ನಡುನಡುವೆ ಕರೆದ ಐದನ್ನು ಬರೆದಿರಲಿಲ್ಲ. ಕೇಡಿನ ಬುದ್ಧಿಯಿಂದಲ್ಲ, ಅವು ಬರೆಯುವಂಥ ಕರೆ ಎಂದು ಅನ್ನಿಸಿರಲೇ ಇಲ್ಲ. ಮನೆಯವರನ್ನು ಎಷ್ಟು ಸಲ ಊಟ ಆಯಿತಾ ಎಂದು ಕೇಳಿದೆ ಎಂಬುದನ್ನು ಯಾರಾದರೂ ಬರೆದಿಡುತ್ತಾರೆಯೇ? ಆದರೆ ವಿಚಾರಣೆಗೆ ಜಿಲ್ಲೆಯಿಂದ ಬಂದ ಅಧಿಕಾರಿಗಳ ಮುಂದೆ ಆ ಪುಸ್ತಕವೇ ಸಾಕ್ಷಿ. ಅವರು ಕನ್ನಡಕ ಏರಿಸಿ ಓದಿದರು. ಅವಘಡ ಆದ ಹೊತ್ತಿಗೆ ಠಾಣೆಯಿಂದ ಕರೆ ಹೋದದ್ದಾಗಿ ಅದರಲ್ಲಿಲ್ಲ.

“ಮತ್ತೆ ನೀವು ಪಂಪು ಬಿಟ್ಟು ಸೀಟಿನ ಹತ್ತಿರ ಯಾಕೆ ಹೋಗಿದ್ದಿರಿ?” ಎಂದು ಗೌಡರನ್ನು ಕೇಳಿದರು.

ನಾನು ಅಲ್ಲೇ ಗೋಡೆಗೆ ಒರಗಿ ನಿಂತಿದ್ದೆ. ಗೌಡರು ಒಂದು ಸಲ ಪುಸ್ತಕದ ಕಡೆ ನೋಡಿದರು, ಒಂದು ಸಲ ನನ್ನ ಕಡೆ.

“ಬಾಯಾರಿಕೆ ಆಗಿತ್ತು ಸಾ. ಸೀಟಲ್ಲಿ ಬಾಟ್ಲಿ ಮಡಗಿದ್ದೆ. ನೀರ್ ಕುಡಿಯಕ್ಕೋದೆ.”

ಮುಂದೆ ನಿಂತವನು ನೀರಿಗೆ ಕೂಗುತ್ತಿದ್ದಾಗ ಇವರು ನೀರು ಕುಡಿಯಲು ಹೋಗಿದ್ದರಂತೆ. ಅಧಿಕಾರಿಗಳ ಮುಖ ನೋಡಬೇಕಿತ್ತು. ಒಂದಕ್ಷರ ಬಿಡದೆ ಬರೆದುಕೊಂಡರು. ಎರಡನೆಯ ದಿನ ನಂಜೇಗೌಡರನ್ನು ಅಮಾನತು ಮಾಡಿದ ಕಾಗದ ಬಂತು. ಇನ್ನು ನಾಲ್ಕು ವರ್ಷ ಸರ್ವೀಸಿದ್ದ ಮನುಷ್ಯ. ಸಹೋದ್ಯೋಗಿಗಳು ಅವರ ಜೊತೆ ಮಾತು ಬಿಟ್ಟರು. ಕ್ಯಾಂಟೀನಿನಲ್ಲಿ ಅವರು ಬಂದರೆ ಬೆಂಚು ಖಾಲಿಯಾಗುತ್ತಿತ್ತು. ನಾನು ಮಾತ್ರ ಅವರ ಮನೆಗೆ ಹೋದೆ, ಅದೂ ಕಾಲು ಎಳೆದುಕೊಂಡು. ಅವರು ಜಗಲಿಯ ಮೇಲೆ ಕೂತು ತೆಂಗಿನ ಗರಿ ಸೀಳುತ್ತಿದ್ದರು.

“ಗೌಡ್ರೇ, ನಾನೇಳ್ತೀನಿ. ಒಂಬತ್ತು ಸಲ ಕೂಗಿದ್ದು ನಾನು ಅಂತ.”

“ಏನಂತ ಏಳೀಯೆ? ಯಾಕ್ ಕೂಗ್ದೆ ಅಂತ ಕೇಳುದ್ರೆ?”

ಗೌಡರು ಇನ್ನೊಂದು ಗರಿ ಎತ್ತಿಕೊಂಡರು.

“ಆ ಎಣ್ಮಗಳು ಕೇಳ್ತಾ ಇದ್ದದ್ದು ನಂಗೂ ಕೇಳುಸ್ತಿತ್ತು ಕಣ್ಲಾ. ನೀನು ಗುಂಡಿ ಒತ್ತುದ್ರೆ ನಿನ್ನ ಮಾತೊಂದೇ ಬತ್ತದೆ ಅನ್ಕಂಡಿದ್ದೀಯಾ? ಇನ್ನೊಂದ್ ಸಲ ಕೇಳೀ ಅಣ್ಣ, ಅಂತಿತ್ತು. ತುಂಬಿದ ಬಸ್ರಿ. ತನ್ನಿಂದ ಗಂಡನ ಕೈ ಬೆಂದೋಯ್ತು ಅಂತ ಗೊತ್ತಾದ್ರೆ ಏನಾದದು? ಈ ಮುದುಕನ ಕೆಲ್ಸ ಓದ್ರೆ ಓಗ್ಲಿ, ಬಾಯ್ ಮುಚ್ಕಂಡ್ ಬಿದ್ದಿರು.”

ಹತ್ತು ದಿನ ಬಾಯಿ ಮುಚ್ಚಿಕೊಂಡು ಬಿದ್ದಿದ್ದೆ. ಆ ಹತ್ತು ದಿನವನ್ನು ಬರೆಯಲು ನನ್ನಿಂದಾಗುವುದಿಲ್ಲ. ಉಂಡದ್ದು ಮೈಗೆ ಹತ್ತಲಿಲ್ಲ. ಸಿದ್ದರಾಜುವಿನ ಬದಲು ಬೇರೆಯವನು, ಗೌಡರ ಬದಲು ಬೇರೆಯವನು, ಗಾಡಿ ಹೋಗುತ್ತಿತ್ತು, ಬರುತ್ತಿತ್ತು. ಹದಿನೈದು ನಿಮಿಷಕ್ಕೊಮ್ಮೆ ಗುಂಡಿ ಒತ್ತಬೇಕಾದಾಗ ಬೆರಳು ಬಗ್ಗುತ್ತಿರಲಿಲ್ಲ. ಮಂಡ್ಯಕ್ಕೆ ಸಿದ್ದರಾಜುವನ್ನು ನೋಡಲು ಹೋದೆ. ಕೈಗೆ, ಕುತ್ತಿಗೆಗೆ ಬಟ್ಟೆ ಸುತ್ತಿದ್ದರು. ಅವನು ಗೌಡರನ್ನು ಬೈಯಲಿಲ್ಲ. “ಅವ್ರು ಅಂಗೆಲ್ಲ ಬುಟ್ಟೋಗೋರಲ್ಲ ಗುರುವೇ, ಏನೋ ಆಗದೆ” ಎಂದಷ್ಟೇ ಅಂದ. ಎದುರಿಗೆ ಕೂತ ನನಗೆ ನೆಲ ಬಾಯಿ ಬಿಡಬಾರದೇ ಎನ್ನಿಸಿತು.

ಹನ್ನೊಂದನೆಯ ದಿನ ಮೊದಲ ಬಸ್ಸಿಗೆ ಹೋಗಿ ಆ ಅಧಿಕಾರಿಗಳ ಮುಂದೆ ನಿಂತೆ. ಒಂಬತ್ತು ಸಲ ಕರೆದದ್ದು ನಾನು, ಬರೆದದ್ದು ನಾಲ್ಕು, ಕೊನೆಯದಕ್ಕೆ ಓಗೊಡಲು ಗೌಡರು ಪಂಪು ಬಿಟ್ಟದ್ದು, ನೀರು ಕುಡಿದ ಕತೆ ಸುಳ್ಳು, ಎಲ್ಲ ಹೇಳಿದೆ. ಅವರು ಪೆನ್ನು ತೆಗೆದರು.

“ಅಷ್ಟು ಸಲ ಕರೆಯುವಂಥದ್ದು ಏನಿತ್ತು?”

“ಹೆದರಿಕೆ ಸಾರ್” ಎಂದೆ.

“ಯಾರಾದರೂ ಕರೆಯಲು ಹೇಳಿದರೇ?”

“ಇಲ್ಲ ಸಾರ್. ನನಗೇ ಹೆದರಿಕೆ.”

ಬರೆದು ಸಹಿ ಹಾಕು ಎಂದರು. ಹಾಕಿದೆ. ನನಗೆ ಶಿಕ್ಷೆಯಾಯಿತು, ಆಗಬೇಕಾದ್ದೇ. ಬಡ್ತಿ ನಿಂತಿತು. ಗೌಡರು ತಿಂಗಳೊಳಗೆ ಕೆಲಸಕ್ಕೆ ಬಂದರು. ಒಂದು ವಾರ ನನ್ನ ಮೇಲೆ ಉರಿದುಬಿದ್ದು, ಆಮೇಲೆ ಬೆಲ್ಲದ ಕಾಫಿ ಕೊಡಿಸಿ ಸುಮ್ಮನಾದರು. ಎಲ್ಲಕ್ಕಿಂತ ಮುಖ್ಯವಾಗಿ ಹೊಸ ಆದೇಶ ಬಂತು. ಪಂಪು ನಡೆಯುತ್ತಿರುವಾಗ ಠಾಣೆಯವರು ಗಾಡಿಯನ್ನು ಕರೆಯಕೂಡದು. ಗಾಡಿಯವರೇ ಪುರುಸೊತ್ತಾದಾಗ ಕರೆಯಬೇಕು. ಅದನ್ನು ನನ್ನ ಕೈಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆಸಿ ಸೆಟ್ಟಿನ ಮೇಲಿನ ಗೋಡೆಗೆ ಅಂಟಿಸಿದರು.

ಹಾಗಾಗಿ ಆ ಬೇಸಿಗೆಯ ಉಳಿದ ದಿನಗಳನ್ನು ನಾನು ಮೈಕನ್ನು ಮುಟ್ಟದೆ ಕಳೆದೆ. ಮುಟ್ಟದೆ ಕೂರುವುದು ಎಷ್ಟು ಕಷ್ಟವೆಂದು ಕೂತವನಿಗೇ ಗೊತ್ತು. ಗಾಡಿ ಹೋದ ಮೇಲೆ ಎರಡು ಕೈಯನ್ನೂ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಿದ್ದೆ. ಸದ್ದಿಲ್ಲದ ಸೆಟ್ಟಿನ ಮುಂದೆ ಕೂತು, ಅಲ್ಲಿ ನೀರು ಹೋಗುತ್ತಿದೆ, ಅದಕ್ಕೇ ಸದ್ದಿಲ್ಲ ಎಂದು ಹೇಳಿಕೊಳ್ಳುತ್ತಿದ್ದೆ. ಕಿಟಕಿಗೆ ಹೆಂಗಸರು ಬರುವುದೂ ನಿಂತಿತು. ಮಂಜುಳ ತವರಿಗೆ ಹೋಗಿದ್ದಳು, ದೇವಲಾಪುರದಲ್ಲಿ ಹೆಣ್ಣು ಮಗುವಾಯಿತು ಎಂದು ಸುದ್ದಿ ಬಂತು. ಮುಂಗಾರು ಹಿಡಿದು ಕರೆಗಳು ಕಡಿಮೆಯಾದವು. ಸಿದ್ದರಾಜು ಕೆಲಸಕ್ಕೆ ಮರಳಿದ. ಬಲಗೈಯ ಬೆರಳು ಪೂರ್ತಿ ಮಡಚಲು ಬರುತ್ತಿರಲಿಲ್ಲ, ಆದರೂ ಎಡಗೈ ಮುಂದೆ ಮಾಡಿ ಮತ್ತೆ ಮೂತಿ ಹಿಡಿದ.

ಮಗುವಿಗೆ ಮೂರು ತಿಂಗಳಾದಾಗ ಮಂಜುಳ ಬಂದಳು. ಅವಳು ಬಂದ ನಾಲ್ಕನೆಯ ದಿನವೋ ಐದನೆಯ ದಿನವೋ, ಒಂದು ಆಲೆಮನೆಯ ಕಡೆಯಿಂದ ಕರೆ ಬಂದು ಗಾಡಿ ಹೋಗಿತ್ತು. ಹೊರಗೆ ಸಣ್ಣಗೆ ಜಿನುಗುತ್ತಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅವಳು ಕಿಟಕಿಯ ಹತ್ತಿರ ಬಂದು ನಿಂತಳು. ಈಗ ಕೇಳುತ್ತಾಳೆ, ನಾನು ಆಗುವುದಿಲ್ಲವ್ವ ಎನ್ನಬೇಕು ಎಂದು ಮಾತು ಜೋಡಿಸಿಕೊಂಡೆ. ಅವಳು ಸೆಟ್ಟಿನ ಸುದ್ದಿ ಎತ್ತಲಿಲ್ಲ. ಗೋಡೆಯ ಮೇಲಿನ ಆದೇಶವನ್ನು ನಿಧಾನವಾಗಿ ಓದಿದಳು. ಅವಳಿಗೆ ಓದಲು ಬರುತ್ತದೆ ಎಂಬುದೇ ನನಗೆ ನೆನಪಿರಲಿಲ್ಲ.

“ಅಣ್ಣ, ಅವತ್ತು ಅವ್ರು ನೀರು ಅಂತ ಕೂಗಿದ್ದು ನಂಗೆ ಕೇಳಿಸ್ತು. ಬೆಂಕಿ ಆರ್ಸೋರು ನೀರು ಅನ್ನದೆ ಇನ್ನೇನಂದಾರು ಅನ್ಕಂಡೆ. ನಗಾಡ್ಕಂಡ್ ಮನೆಗೋದೆ. ಆಸ್ಪತ್ರೇಲಿ ಅವ್ರು ನೀರು ನಿಂತೋಯ್ತು ಅಂದಾಗ್ಲೇ ನಂಗೆ ಗೊತ್ತಾಯ್ತು.”

ನಾನು ಅವಳ ಮುಖ ನೋಡದೆ ಪುಸ್ತಕದ ಹಾಳೆ ತಿರುವಿದೆ. ಆ ಹಾಳೆಯಲ್ಲಿ ಏನೂ ಇರಲಿಲ್ಲ.

“ನಾನು ಕೇಳ್ದೆ ಇದ್ದಿದ್ರೆ ನೀವು ಕೂಗ್ತಿರ್ಲಿಲ್ಲ, ಅಲ್ವಾ?”

ಗೌಡರು ಯಾವ ಮಾತನ್ನು ಮುಚ್ಚಿಡಲು ತಮ್ಮ ಕೆಲಸವನ್ನೇ ಅಡ ಇಟ್ಟಿದ್ದರೋ, ನಾನು ಯಾವುದನ್ನು ಕಾಗದದ ಮೇಲೆ ಬರೆಯದೆ ಉಳಿಸಿದ್ದೆನೋ, ಅದು ಅವಳಿಗೆ ಮೊದಲೇ ಗೊತ್ತಿತ್ತು. ಬಸುರಿಯಾಗಿ, ಬಾಣಂತಿಯಾಗಿ, ಅಷ್ಟು ದಿನವೂ ಗೊತ್ತಿತ್ತು. ಗಂಡನ ಕೈಗೆ ಎಣ್ಣೆ ಹಚ್ಚುವಾಗಲೆಲ್ಲ ಗೊತ್ತಿತ್ತು. ನಾನು ಪುಸ್ತಕ ಮುಚ್ಚಿ ಅವಳನ್ನು ನೋಡಿದೆ. ಈ ಸಲ ತಲೆ ಆಡಿಸಿ ತಪ್ಪಿಸಿಕೊಳ್ಳಲಿಲ್ಲ. ಒಳಗಿದ್ದುದನ್ನು ಹಾಗೇ ಹೇಳಿದೆ.

“ಕೂಗ್ತಿದ್ದೆ ಕಣವ್ವ. ನೀನು ಕೇಳ್ದೆ ಇದ್ರೂ ಕೂಗ್ತಿದ್ದೆ. ನೀನು ಕಿಟ್ಕಿ ಹತ್ರ ಇಲ್ದೇ ಇದ್ರೂ ಕೂಗ್ತಿದ್ದೆ. ನಂಗೇ ತಡೆಯಕ್ಕಾಗ್ತಿರ್ಲಿಲ್ಲ. ದೇವರಾಣೆ.”

ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಮಂಜುಳ ನನ್ನ ಕಡೆ ತಿರುಗಿದಳು. ಕಣ್ಣು ತುಂಬಿತ್ತು. ಮಗುವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು, ಸೆರಗಿನಿಂದ ಅದರ ತಲೆಗೆ ಮಳೆ ಬೀಳದ ಹಾಗೆ ಮುಚ್ಚಿದಳು.

“ನೀವು ಒಳ್ಳೇರು ಕಣಣ್ಣ” ಎಂದಳು. “ನನ್ನ ಮನಸ್ಸಿಗೆ ನೋವಾಗ್ಬಾರ್ದು ಅಂತ ಆಣೆ ಬೇರೆ ಇಡ್ತೀರ.”